ಹೆಸರಿಲ್ಲದ ಹಡಗು

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ಕಡಲಲ್ಲಿ ಮುಳುಗಿರುವ ಹಡಗೊಂದನ್ನು ಡೈವ್ ಮಾಡಿ ನೋಡಿ, ಜಯನಗರದ ಮನೆಗೆ ಬಂದು ನಾಲ್ಕು ದಿನ ಆಯ್ತು. ಕಣ್ಣು ಮುಚ್ಚಿದರೆ ಇನ್ನೂ ಆ ಹಸಿರು ನೀರೇ ಕಾಣುತ್ತದೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ನಾವಿಬ್ಬರೂ ಮೊದಲ ಸಲ ಡೈವ್ ಮಾಡಿದ್ದು ನೆನಪಿದೆ ಅಲ್ವಾ? ಬೆಚ್ಚನೆ ನೀರು, ಬಣ್ಣದ ಮೀನು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮೇ ತಿಂಗಳಲ್ಲೂ ನೀರು ಸುಮಾರು 10 ಡಿಗ್ರಿ. ನೀರು ಒಳಗೆ ಬಿಡದ ಡ್ರೈಸೂಟ್ ಹಾಕಿದ್ದರೂ ಮಣಿಕಟ್ಟಿನ ಹತ್ತಿರ ನೀರು ನುಗ್ಗಿ ಎಡಗೈ ಮರಗಟ್ಟಿತು.

ಉಬ್ಬರ ಇಳಿತದ ನಡುವೆ ಸೆಳೆತ ನಿಲ್ಲುವ ಹೊತ್ತು ನೋಡಿ ಇಳಿದೆವು. ಹಗ್ಗ ಹಿಡಿದು ಕೆಳಗೆ, ಕೆಳಗೆ. 30 ಮೀಟರ್. ಅಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಸಿಲಿಂಡರ್ ಗಾಳಿಯೂ ಅಷ್ಟೇ ಬೇಗ ಮುಗಿಯುತ್ತದೆ. ಟಾರ್ಚ್ ಹಾಕಿದರೆ ಎದುರಿಗೇ ಬಾಯ್ಲರ್, ಹಡಗಿನ ಎಂಜಿನ್‌ಗೆ ಹಬೆ ಕೊಡುತ್ತಿದ್ದ ಹಂಡೆ! ಎರಡಾಳೆತ್ತರ. ಸುತ್ತಲಿನ ತಗಡೆಲ್ಲ ತುಕ್ಕು ಹಿಡಿದು ಕುಸಿದಿದೆ. ದಪ್ಪ ಉಕ್ಕಿನ ಬಾಯ್ಲರ್ ಮಾತ್ರ ನಿಂತಿದೆ. ಕಲ್ಲಿದ್ದಲು ತುಂಬುತ್ತಿದ್ದ ಮೂರು ದುಂಡು ಬಾಯಿಗಳು. ಒಂದರೊಳಗಿಂದ ಹಾವುಮೀನೊಂದು ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು.

ಇದು ಯಾವ ಹಡಗು ಅಂತ ಯಾರಿಗೂ ಗೊತ್ತಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನ್‌ಗಳು ಆ ಕಡಲಲ್ಲಿ ಮುಳುಗಿಸಿದ ಹಡಗುಗಳು ಒಂದೆರಡಲ್ಲ. ಹಡಗಿನಲ್ಲಿ ಬಾರಿಸುವ ಗಂಟೆ ಸಿಕ್ಕರೆ ಸಾಕು, ಸಾಮಾನ್ಯವಾಗಿ ಅದರ ಮೇಲೆ ಹಡಗಿನ ಹೆಸರು ಕೆತ್ತಿರುತ್ತಾರೆ. ಇಲ್ಲದಿದ್ದರೆ ಬಾಯ್ಲರ್ ಅಳೆದು ಹಳೇ ಕಾಗದಪತ್ರದ ಜೊತೆ ಹೋಲಿಸಬೇಕು.

ಮರಳಲ್ಲಿ ಬಿಳಿ ಅಂಚೊಂದು ಕಂಡಿತು. ಮೆಲ್ಲಗೆ ಒರೆಸಿದೆ. ಒಡೆದ ಪಿಂಗಾಣಿ ತಟ್ಟೆ, ಅಂಚಿಗೆ ನೀಲಿ ಗೆರೆ, ಅರ್ಧ ಲಂಗರಿನ ಚಿತ್ರ. ಉಳಿದರ್ಧದಲ್ಲಿ ಕಂಪನಿಯ ಹೆಸರು ಇತ್ತೋ ಏನೋ. ಫೋಟೊ ತೆಗೆದು ಅಲ್ಲೇ ಇಟ್ಟೆ. ಮೇಲೆ ತಂದರೆ 28 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದು ಅಲ್ಲಿನ ಕಾನೂನು. ಆದರೆ ನಾನು ಬಿಟ್ಟುಬಂದದ್ದು ಅದಕ್ಕಲ್ಲ. ಅದರಲ್ಲಿ ಯಾರೋ ಉಂಡಿದ್ದಾರೆ ಕಣೋ. ತೆಗೆಯೋಕೆ ಮನಸ್ಸು ಬರಲಿಲ್ಲ.

ಆಮೇಲೆ ಮತ್ತೆ ಬಾಯ್ಲರ್ ಹತ್ತಿರ ಹೋದೆ. ಆ ಕಾಲದ ಬ್ರಿಟಿಷ್ ಹಡಗುಗಳಲ್ಲಿ ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರಲ್ಲಿ ನಮ್ಮ ದೇಶದವರು ಎಷ್ಟೋ ಮಂದಿ. ಲಸ್ಕರ್ ಅಂತ ಕರೆಯುತ್ತಿದ್ದರು. ಈ ಬಾಯಿಯ ಮುಂದೆಯೂ ಒಬ್ಬ ಇದ್ದನೇನೋ. ಆ ಚಳಿಯಲ್ಲಿ ನನಗೆ ಅದೊಂದೇ ಯೋಚನೆ. ಹಡಗಿನ ಹೆಸರು ಸಿಕ್ಕರೆ ಅದರಲ್ಲಿದ್ದವರ ಪಟ್ಟಿ ಹುಡುಕಬಹುದು. ಅದಕ್ಕೇ ಆ ಹೆಸರು ನನಗೆ ಬೇಕು.

ಒತ್ತಡ ಇಳಿಯುವುದಕ್ಕೆ ಮೈ ಹೊಂದಿಕೊಳ್ಳಲಿ ಅಂತ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ದೋಣಿಯಲ್ಲಿ ಟೀ ಕೊಟ್ಟರು, ಎರಡೂ ಕೈಯಲ್ಲಿ ಲೋಟ ತಬ್ಬಿ ಹಿಡಿದೆ.

ಮುಂದಿನ ಮೇಗೆ ಮತ್ತೆ ಹೊರಟಿದ್ದೇನೆ. ನಿನ್ನ ಕಿವಿನೋವು ವಾಸಿಯಾಯ್ತಾ? ಡಾಕ್ಟರ್ ಹೂಂ ಅಂದರೆ ನೀನೂ ಬಾ. ಬಾಯ್ಲರ್ ಅಳೆಯೋಕೆ ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕು.

ನಿನ್ನ ಗೆಳೆಯ