ಹೆಸರು ಹೇಳದೆ ಹೋದವರಿಗೆ

ನನ್ನ ಕಂಪ್ಯೂಟರ್ ಸರಿಮಾಡಿಕೊಳ್ಳಲು ನೆರವಾದ ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಎಲ್ಲರ ಎದುರಿಗೆ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ನಾನೇ ಜೋಡಿಸಿದ ಡೆಸ್ಕ್‌ಟಾಪ್ ಅದು. ಮೆಮೊರಿಗೆ ಅಂತ 8 ಜಿಬಿಯ ಎರಡು ರ‍್ಯಾಮ್ ಇದ್ದವು, ಇನ್ನೆರಡು ಹಾಕಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡೇ ಹೋಯ್ತು ಅಂತ ಸುಮ್ನೆ ಹೊಸದನ್ನು ಹುಡುಕತೊಡಗಿದ್ದೆ!

"ಸ್ವಲ್ಪ ತಡೀರಿ" ಅಂದಿರಿ. ಪವರ್ ಕೇಬಲ್ ಕಿತ್ತು, ರ‍್ಯಾಮ್‌ಗಳನ್ನೆಲ್ಲ ತೆಗೆದು, ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟಿಗೆ ಒಂದೊಂದನ್ನೇ ಹಾಕಿ ನೋಡಲು ಹೇಳಿದಿರಿ. ನಾಲ್ಕೂ ಒಂಟಿಯಾಗಿ ಓಡಿದವು. ಮೊದಲ ಸಲ ಒಂದು ಪೂರ್ತಿ ಕೂತೇ ಇರಲಿಲ್ಲ. ಮುರಿದೀತು ಅಂತ ಹೆದರಿ ಮೆಲ್ಲಗೆ ಒತ್ತಿದ್ದೆ, ಟಕ್ ಅನ್ನುವ ಸದ್ದೇ ಬಂದಿರಲಿಲ್ಲ.

ನಾಲ್ಕನ್ನೂ ಮತ್ತೆ ಹಾಕಿದೆ. ಆನ್ ಆಯಿತು, ಆದರೆ ಆಗಾಗ ಕಂಪ್ಯೂಟರ್ ಹಾಗೇ ನಿಂತುಬಿಡುತ್ತಿತ್ತು. ರ‍್ಯಾಮ್ ನಾಲ್ಕಾದರೆ ಪ್ರೊಸೆಸರ್ ಒಳಗೆ ಅವನ್ನು ನಡೆಸುವ ಮೆಮೊರಿ ಕಂಟ್ರೋಲರ್‌ಗೆ ಭಾರ ಜಾಸ್ತಿ, ಎರಡಕ್ಕೆ ಸಿಗುವ ವೇಗ ನಾಲ್ಕಕ್ಕೆ ಸಿಗದಿರಬಹುದು ಅಂತ ವಿವರಿಸಿದಿರಿ. ರ‍್ಯಾಮ್ ಪೆಟ್ಟಿಗೆ ಮೇಲಿದ್ದ ವೇಗ ಬರೀ ಎರಡರ ಲೆಕ್ಕ ಅಲ್ವಾ! ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ನಲ್ಲಿ, ವೇಗ 3600 ಇದ್ದದ್ದನ್ನು 3200ಕ್ಕೆ ಇಳಿಸಿದೆ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ತಪ್ಪು ಸಿಗಲಿಲ್ಲ.

ಒಮ್ಮೆಯೂ ಬೇಸರಿಸಲಿಲ್ಲ ನೀವು. ನಾನು ಕೇಳಿದ್ದನ್ನೇ ಮೂರು ಸಲ ಕೇಳಿದ್ದೆ. ಈ ಬರಹ ಅದೇ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದು.