ಡೇರೆ ಹೂವಿನ ಫೋಟೋ, ಮುಂದಿನ ಮಳೆಗಾಲದ ಗೆಡ್ಡೆ

ಬ್ರೆಡಾ, ನೆದರ್‌ಲ್ಯಾಂಡ್ಸ್
ಆಗಸ್ಟ್ 27

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ಅಪ್ಪನಿಗೂ ಅಜ್ಜಿಗೂ ತಿಳಿಸು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಕಳಿಸಿದ ಡೇರೆ (ಡೇಲಿಯಾ) ಹೂವಿನ ಫೋಟೋಗಳೆಲ್ಲ ಬಂದವು. ಹಳದಿಯದು, ತಿಳಿಗುಲಾಬಿಯದು ಚೆನ್ನಾಗಿ ಬಂದಿವೆ. ಕಡುಗೆಂಪಿನದು ಮಾತ್ರ ಕುಂಕುಮದ ಮುದ್ದೆಯ ಹಾಗೆ ಕಾಣುತ್ತಿದೆ, ಒಂದು ಎಸಳಿಗೂ ಇನ್ನೊಂದಕ್ಕೂ ನಡುವೆ ಗೆರೆಯೇ ಇಲ್ಲ. "ಕಣ್ಣಿಗೆ ಕಂಡಿದ್ದು ಮೊಬೈಲಿಗೆ ಬರುವುದೇ ಇಲ್ಲ" ಅಂತ ಬೇಜಾರು ಮಾಡಿಕೊಂಡಿದ್ದೆಯಲ್ಲ, ಅದಕ್ಕೇ ಈ ಪತ್ರ. ಜಡಿಮಳೆ ಹಿಡಿದು ಎಲ್ಲರೂ ಒಳಗೇ ಕೂರುವ ದಿನಗಳಲ್ಲಿ ನಿನಗೆ ಆ ಹೂವೇ ಸಮಾಧಾನ. ಇಲ್ಲಿ ನನಗೆ ನೀನು ಕಳಿಸುವ ಫೋಟೋ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದಿಟ್ಟರೆ ಪುಟ್ಟಿಯಾದರೂ ಓದಿ ಹೇಳುತ್ತಾಳೆ.

ಕೆಂಪು ಹೂವಿನ ತೊಂದರೆ ಏನೆಂದರೆ, ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಸುತ್ತಲಿನ ಎಲೆ ಕಡುಹಸಿರಾದ್ದರಿಂದ ಇಡೀ ಚಿತ್ರ ಕತ್ತಲೆಯಾಗಿದೆ ಎಂದುಕೊಂಡು ಮೊಬೈಲು ತಾನೇ ಬೆಳಕು ಹೆಚ್ಚಿಸುತ್ತದೆ. ಆಗ ಕೆಂಪಿನ ಪಾಲು ಮೊದಲೇ ತುಂಬಿ ಚೆಲ್ಲುತ್ತದೆ, ಎಸಳಿನ ನೆರಳು-ಗೆರೆ ಎಲ್ಲ ಅಳಿಸಿಹೋಗುತ್ತದೆ. ಹೂವಿನ ಮೇಲೆ ಬೆರಳು ಒತ್ತಿ ಹಿಡಿ, ಹಳದಿ ಚೌಕ ಬಂದು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಕಾಣುತ್ತದೆ, ಅದನ್ನು ಕೆಳಗೆ ಎಳೆ. ಎಸಳಿನ ಗೆರೆಗಳು ಬಿಡಿಬಿಡಿಯಾಗಿ ಕಾಣುವವರೆಗೆ ಎಳೆಯಬೇಕು. ಹಿಂದಿನ ಎಲೆ ಕಪ್ಪಾದರೆ ಆಗಲಿ. ಕಪ್ಪಾದದ್ದನ್ನು ಆಮೇಲೆ ಸ್ವಲ್ಪ ಎತ್ತಬಹುದು, ಅಳಿಸಿಹೋದ ಕೆಂಪನ್ನು ತರುವುದಕ್ಕೆ ಆಗುವುದಿಲ್ಲ. ಬಿಳಿ ಡೇರೆಗೂ ಇದೇ ಲೆಕ್ಕ, ಆದರೆ ಹೂವು ಚೌಕಟ್ಟಿನ ತುಂಬ ಇದ್ದರೆ ಉಲ್ಟಾ: ಮೊಬೈಲು ಬಿಳಿಯನ್ನು ಬೂದಿ ಬಣ್ಣ ಮಾಡಿಬಿಡುತ್ತದೆ, ಆಗ ಸೂರ್ಯನನ್ನು ಕೊಂಚ ಮೇಲೆ ತಳ್ಳಬೇಕು.

ಇನ್ನು, ಹೂವಿನ ಮೂಗಿಗೇ ಮೊಬೈಲು ಹಿಡಿಯಬೇಡ. ಈಗಿನ ಎಷ್ಟೋ ಮೊಬೈಲುಗಳ ಮುಖ್ಯ ಲೆನ್ಸಿಗೆ ಒಂದು ಗೇಣಿಗಿಂತ ಹತ್ತಿರದ್ದು ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನೂ ಹತ್ತಿರ ಹೋದರೆ ಅದು ನಿನಗೆ ಗೊತ್ತಾಗದ ಹಾಗೆ ಅಗಲದ ಲೆನ್ಸಿಗೆ ಬದಲಾಗುತ್ತದೆ, ಹೂವಿನ ನಡುಭಾಗ ಉಬ್ಬಿಕೊಂಡು ಅಂಚು ಮಸುಕಾಗುತ್ತದೆ. ಎರಡು ಗೇಣು ದೂರ ನಿಂತು 2x ಒತ್ತು. ಬೆರಳಲ್ಲಿ ಹಿಗ್ಗಿಸುವುದು ಬೇಡ. ಪೋರ್ಟ್ರೇಟ್ ಮೋಡ್ ಕೂಡ ಡೇರೆಗೆ ಆಗಿಬರುವುದಿಲ್ಲ; ಅಂಚು ಎಲ್ಲಿ ಅಂತ ಮೊಬೈಲು ಅಂದಾಜು ಮಾಡುವುದರಿಂದ ಚೂಪು ಎಸಳಿನ ಜಾತಿಯಲ್ಲಿ ಅರ್ಧ ತುದಿಗಳು ಮಾಯವಾಗುತ್ತವೆ.

ಬೆಳಕಿನ ಮಟ್ಟಿಗೆ ನಮ್ಮ ಮಲೆನಾಡಿನ ಮಳೆಗಾಲದಂಥದ್ದು ಇನ್ನೊಂದಿಲ್ಲ. ಮೋಡ ಕವಿದ ಬೆಳಗ್ಗೆ, ಮಳೆ ನಿಂತ ಹತ್ತು ನಿಮಿಷದ ಹೊತ್ತು, ಅದೇ ಸರಿಯಾದ ಸಮಯ. ಬಿಸಿಲು ಬಿದ್ದರೆ ಅಪ್ಪ ಮತ್ತು ಅಣ್ಣ ಬಿಳಿ ಪಂಚೆಯನ್ನು ಎರಡೂ ಕಡೆ ಹಿಡಿದು ಹೂವಿನ ಮೇಲೆ ಚಪ್ಪರದ ಹಾಗೆ ನಿಲ್ಲಿಸಲಿ. ಡೇರೆಯ ತಲೆ ಭಾರ, ದಂಟು ಉದ್ದ, ಸಣ್ಣ ಗಾಳಿಗೂ ತೂಗುತ್ತದೆ. ಪುಟ್ಟಿ ಚೌಕಟ್ಟಿನಿಂದ ಕೆಳಗೆ ದಂಟು ಹಿಡಿದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ನೀನು ನಿಂತು ಮೇಲಿಂದ ತೆಗೆಯುವ ಬದಲು ಮಣೆ ಹಾಕಿಕೊಂಡು ಹೂವಿನ ಎತ್ತರಕ್ಕೆ ಕೂತುಕೋ. ಆಗ ಹಿಂದೆ ಅಂಗಳದ ಕೆಸರಿನ ಬದಲು ದೂರದ ಅಡಿಕೆ ತೋಟದ ನೆರಳು ಬರುತ್ತದೆ. ಬಟ್ಟೆ ಒಣಗಿಸುವ ದಾರ, ನೀಲಿ ಟಾರ್ಪಾಲು ಕಾಣದ ಹಾಗೆ ಒಂದು ಹೆಜ್ಜೆ ಆಚೀಚೆ ಸರಿದರೆ ಸಾಕು.

ಅಜ್ಜಿಗೆ ಮಂಡಿನೋವಿನಿಂದ ಅಂಗಳಕ್ಕೆ ಇಳಿಯಲಾಗುವುದಿಲ್ಲ ಅಂದೆಯಲ್ಲ. ಒಂದೆರಡು ಹೂವು ಕೊಯ್ದು ಜಗಲಿಗೆ ತಂದುಕೊಡು, ಜೋಡಿಸುವ ಕೆಲಸ ಅಜ್ಜಿಯದೇ ಆಗಲಿ. ಡೇರೆ ಮೊಗ್ಗನ್ನು ಕೊಯ್ದರೆ ನೀರಿನಲ್ಲಿ ಬಿರಿಯುವುದಿಲ್ಲ. ಮುಕ್ಕಾಲು ಪಾಲು ಅರಳಿದ್ದನ್ನು, ಹಿಂಭಾಗದ ಎಸಳು ಇನ್ನೂ ಗಟ್ಟಿ ಇರುವಾಗ, ಬೆಳಗಿನ ಹೊತ್ತೇ ಕೊಯ್ಯಬೇಕು. ನೀರಿನೊಳಗೆ ಮುಳುಗುವ ಎಲೆ ಕಿತ್ತುಹಾಕಿ, ದಿನಾ ನೀರು ಬದಲಿಸಿದರೆ ನಾಲ್ಕೈದು ದಿನ ಇರುತ್ತದೆ. ತಂಬಿಗೆಯನ್ನು ಬಾಗಿಲಿನ ಪಕ್ಕ ಇಟ್ಟು, ಹಿಂದೆ ಕರಿ ಕಂಬಳಿ ಇಳಿಬಿಟ್ಟು, ದೀಪ ಎಲ್ಲ ಆರಿಸಿ, ಒಂದೇ ಕಡೆಯ ಬೆಳಕಿನಲ್ಲಿ ತೆಗೆದು ನೋಡು. ಹೂವಿನ ಜೊತೆ ಅಜ್ಜಿಯ ಕೈ ಬಂದರೆ ನನಗೆ ಇನ್ನೂ ಖುಷಿ. ಕಳಿಸುವಾಗ ವಾಟ್ಸಾಪಿನಲ್ಲಿ ಎಚ್‌ಡಿ ಒತ್ತಿ ಅಥವಾ ಡಾಕ್ಯುಮೆಂಟ್ ಮಾಡಿ ಕಳಿಸು, ಇಲ್ಲದಿದ್ದರೆ ಎಸಳಿನ ನವಿರು ಎಲ್ಲ ದಾರಿಯಲ್ಲೇ ಹೋಗುತ್ತದೆ.

ಇಷ್ಟೆಲ್ಲ ಹೇಳುವುದು ಚಂದಕ್ಕೆ ಮಾತ್ರ ಅಲ್ಲ. ನವೆಂಬರ್ ಕಳೆದು ದಂಟು ಒಣಗಿದ ಮೇಲೆ ಎಲ್ಲ ಡೇರೆ ಗೆಡ್ಡೆಯೂ ಒಂದೇ ಥರ, ಯಾವುದು ಯಾವ ಬಣ್ಣ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಹೂವಿರುವಾಗಲೇ ಪ್ರತಿ ಗಿಡದ ಬುಡಕ್ಕೆ ನಂಬರಿನ ಚೀಟಿ ಕಟ್ಟಿಬಿಡು. ಕಾಗದ ಮಳೆಗೆ ಕರಗುತ್ತದೆ, ಮಾರ್ಕರಿನ ಶಾಯಿ ಬಿಸಿಲಿಗೆ ಮಾಸುತ್ತದೆ. ಹಳೇ ಪ್ಲಾಸ್ಟಿಕ್ ಡಬ್ಬಿಯ ಪಟ್ಟಿ ಕತ್ತರಿಸಿ ಪೆನ್ಸಿಲಿನಲ್ಲಿ ಬರೆದರೆ ವರ್ಷ ಕಳೆದರೂ ಇರುತ್ತದೆ. ಆಮೇಲೆ ಪ್ರತಿ ಗಿಡಕ್ಕೂ ಎರಡು ಫೋಟೋ: ಒಂದು ಚಂದದ್ದು, ಇನ್ನೊಂದರಲ್ಲಿ ಹೂವು, ಎಲೆ, ನಂಬರಿನ ಚೀಟಿ, ಪುಟ್ಟಿಯ ಸ್ಕೇಲು ಒಟ್ಟಿಗೆ. ಮುಂದಿನ ಮಳೆಗಾಲಕ್ಕೆ ಯಾವುದನ್ನು ಎಲ್ಲಿ ನೆಡಬೇಕು, ಯಾರ ಮನೆಗೆ ಯಾವ ಹಿಳ್ಳು ಕೊಡಬೇಕು ಅನ್ನುವುದನ್ನು ನೀವೆಲ್ಲ ಜಗಲಿಯಲ್ಲಿ ಕೂತು ಫೋಟೋ ನೋಡಿಕೊಂಡೇ ತೀರ್ಮಾನಿಸಬಹುದು.

ಗೆಡ್ಡೆ ಒಡೆಯುವಾಗ ಒಂದು ವಿಷಯ ಗಟ್ಟಿ ನೆನಪಿಟ್ಟುಕೋ. ಡೇರೆ ಚಿಗುರುವುದು ಗೆಡ್ಡೆಯ ಮೈಯಿಂದ ಅಲ್ಲ, ಹಳೇ ದಂಟಿಗೆ ಅದು ಅಂಟಿಕೊಂಡಿರುವ ಕುತ್ತಿಗೆಯ ಕಣ್ಣಿನಿಂದ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಮೊಳೆಯುವುದಿಲ್ಲ. ಆಲೂಗಡ್ಡೆಯಲ್ಲಿ ಮೈತುಂಬ ಕಣ್ಣಿರುವುದರಿಂದ ಜನ ಇಲ್ಲಿ ಮೋಸಹೋಗುತ್ತಾರೆ. ಅಗೆದ ಕೂಡಲೇ ಕಣ್ಣು ಕಾಣದಿದ್ದರೆ ಒಡೆಯಬೇಡ, ಗೊಂಚಲನ್ನು ಹಾಗೇ ಒಣ ಮರಳಿನಲ್ಲಿ ಮುಚ್ಚಿ ಬುಟ್ಟಿಯಲ್ಲಿಡು, ನೆಡುವ ಮುಂಚೆ ಸ್ವಲ್ಪ ತೇವ ಕೊಟ್ಟರೆ ಕಣ್ಣು ಉಬ್ಬುತ್ತದೆ. ಇಲ್ಲಿಯವರು ಮೊದಲ ಇಬ್ಬನಿ ಹೆಪ್ಪುಗಟ್ಟಿ ಎಲೆ ಕಪ್ಪಾದ ಮೇಲೆ ಅಗೆದು 5 ಡಿಗ್ರಿ ಆಸುಪಾಸಿನ ಕತ್ತಲೆ ಕೋಣೆಯಲ್ಲಿ ಇಡುತ್ತಾರೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲವಾದ್ದರಿಂದ ಗೆಡ್ಡೆ ಬೇಗ ಸುಕ್ಕುಗಟ್ಟುತ್ತದೆ, ತಿಂಗಳಿಗೊಮ್ಮೆ ಕೈಯಾಡಿಸಿ ನೋಡಬೇಕು. ಕೊಳೆತದ್ದು ಒಂದೇ ಇದ್ದರೂ ತೆಗೆದುಹಾಕು. ನೆಡುವಾಗ ನಾಲ್ಕೈದು ಇಂಚು ಆಳ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ನೀರು ನಿಲ್ಲದ ಹಾಗೆ ಏರುಮಡಿ. ಆಧಾರದ ಕೋಲನ್ನು ಅವತ್ತೇ ಹುಗಿಯಬೇಕು, ಆಮೇಲೆ ಹುಗಿದರೆ ಗೆಡ್ಡೆಗೇ ಚುಚ್ಚುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟು. ದೊಡ್ಡ ಹೂವು ಬೇಕಾದ ಗಿಡದಲ್ಲಿ ತುದಿಯ ಮೂರು ಮೊಗ್ಗಿನಲ್ಲಿ ಬದಿಯ ಎರಡನ್ನು ಬಟಾಣಿ ಗಾತ್ರ ಇರುವಾಗಲೇ ಮುರಿದುಬಿಡು.

ಇಲ್ಲಿಗೆ ಹತ್ತಿರದ ಝುಂಡರ್ಟ್ ಎಂಬ ಊರಿನಲ್ಲಿ ಸೆಪ್ಟೆಂಬರಿನ ಮೊದಲ ಭಾನುವಾರ ಡೇರೆ ಹೂವಿನ ಮೆರವಣಿಗೆ. 1936ರಿಂದ ನಡೆದುಬಂದಿದೆ. ಇಪ್ಪತ್ತು ಕೇರಿಯವರು ಒಂದೊಂದು ತೇರು ಕಟ್ಟುತ್ತಾರೆ, ಮೇಲಿನ ಹೂವೆಲ್ಲ ಡೇರೆಯೇ. ಮುಂಚೆ ಅಂಟಿಸಿದರೆ ಬಾಡುವುದರಿಂದ ಕೊನೆಯ ಮೂರು ದಿನ ಅಜ್ಜ-ಅಜ್ಜಿ, ಮಕ್ಕಳು ಎಲ್ಲ ಟೆಂಟಿನೊಳಗೆ ಕೂತು ಒಂದೊಂದೇ ಹೂವನ್ನು ರಟ್ಟಿಗೆ ಮೊಳೆ ಹೊಡೆದು ಸಿಕ್ಕಿಸುತ್ತಾರೆ. ಆ ಫೋಟೋಗಳನ್ನು ನಾನು ಕಳಿಸುತ್ತೇನೆ, ಅಜ್ಜಿಗೆ ಟಿವಿಯಲ್ಲಿ ದೊಡ್ಡದಾಗಿ ತೋರಿಸಿ.

ಪುಟ್ಟಿಗೆ ಟ್ಯುಲಿಪ್ ಗೆಡ್ಡೆ ತರುವುದಿಲ್ಲ, ಬೇಜಾರು ಮಾಡಿಕೊಳ್ಳದ ಹಾಗೆ ಹೇಳು. ಮೂರು ತಿಂಗಳಷ್ಟು ಚಳಿ ತಿನ್ನದೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಅದೂ ಅಲ್ಲದೆ ಪರವಾನಗಿ, ರೋಗವಿಲ್ಲ ಎಂಬ ಪ್ರಮಾಣಪತ್ರ ಇಲ್ಲದೆ ಗೆಡ್ಡೆಯನ್ನು ನಮ್ಮ ದೇಶಕ್ಕೆ ತರುವಂತಿಲ್ಲ.

ಅಣ್ಣನ ಹಳೇ ಕ್ಯಾಮೆರಾವನ್ನು ಬೀರುವಿನಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ಆ ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಅಕ್ಕಿ ಬೇಡ, ಅದರ ಹುಡಿ ಒಳಗೆ ಸೇರುತ್ತದೆ.

ಕೊನೆಗೊಂದು ಮುಖ್ಯ ಮಾತು. ಹಳದಿ ಡೇರೆಯ ಫೋಟೋದಲ್ಲಿ ಕೆಳಗಿನ ಎಲೆಯ ನರದ ಉದ್ದಕ್ಕೂ ತಿಳಿಹಳದಿ ಪಟ್ಟೆ ಇದ್ದ ಹಾಗೆ ಕಂಡಿತು. ಅದು ಮೊಸಾಯಿಕ್ ಎಂಬ ವೈರಸ್ ರೋಗವಾಗಿದ್ದರೆ ಔಷಧಿ ಇಲ್ಲ. ಸಸ್ಯಹೇನು ಆ ರೋಗವನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ, ಹಿಳ್ಳು-ಗೆಡ್ಡೆಯ ಜೊತೆಗೂ ಅದು ಹೋಗುತ್ತದೆ. ಆ ಎಲೆಯ ಮುಂದಿನದು, ಹಿಂದಿನದು ಎರಡೂ ಫೋಟೋ ಬೇಗ ಕಳಿಸು. ನಾವು ನೋಡಿ ತೀರ್ಮಾನಿಸುವ ತನಕ ಚೌತಿಗೆ ಬಂದವರು ಎಷ್ಟು ಕೇಳಿದರೂ ಆ ಗಿಡದ ಹಿಳ್ಳು ಯಾರಿಗೂ ಕೊಡಬೇಡ.

ಇಂತಿ ನಿನ್ನ ಪ್ರೀತಿಯ ಮಗಳು