ಬ್ಲೇಡ್ ಹಿಡಿಯುವುದು ಸಣ್ಣ ಕೆಲಸ ಅಲ್ಲ ಕಣೋ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಗಾಳಿಗೆ ನೆಟ್‌ಹೌಸ್ ಹರಿದದ್ದು, ಟೊಮೆಟೊ ಎಲೆ ಮುದುಡಿಸುವ ಮುಟುರು ರೋಗದ ಮೇಲಿನ ನಿನ್ನ ಸಂಶೋಧನೆಗೆ ಮೂರು ವರ್ಷದಿಂದ ಸಾಕಿಕೊಂಡು ಬಂದ, ಆ ರೋಗ ಹರಡುವ ಬಿಳಿ ನೊಣ ಎಲ್ಲಾ ಹೋದದ್ದು, ಅದನ್ನೆಲ್ಲ ಹೇಳುವಾಗ ನಿನ್ನ ದನಿ ಗಟ್ಟಿಯಾಗೇ ಇತ್ತು. ‘ಗೈಡ್ ಈಗ ಅನಾಟಮಿ ಮಾಡು ಅಂತಿದ್ದಾರೆ’ ಅಂದಾಗ ಮಾತ್ರ ಇಳಿದುಹೋಯಿತು. ‘ಬ್ಲೇಡ್ ಹಿಡ್ಕೊಂಡು ಗಿಡನ ತೆಳ್ಳಗೆ ಸೆಕ್ಷನ್ ಕಟ್ ಮಾಡೋದು ಬಿ.ಎಸ್ಸಿ. ಹುಡುಗರ ಕೆಲಸ ಕಣೋ’ ಅಂದೆ. ನಾನು ಸುಮ್ಮನಿದ್ದೆ. ಒಪ್ಪಿಕೊಂಡು ಸುಮ್ಮನಾದದ್ದಲ್ಲ. ಹೇಳೋಕೆ ಬಹಳ ಇತ್ತು, ಫೋನಿನಲ್ಲಿ ಮುಗಿಯುತ್ತಿರಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹೆಸರು ಹಾಕದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹಾಗೆ ಅರ್ಧ ದಾರಿಯಲ್ಲಿ ಕೆಲಸ ನಿಂತವರು ಇನ್ನೂ ಇರುತ್ತಾರೆ ಅಲ್ವಾ?

ಕ್ಯಾಥರಿನ್ ಈಸೌ ಹೆಸರು ನಿನಗೆ ಗೊತ್ತು. ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ದುಡ್ಡು ಹಾಕಿ ಜೆರಾಕ್ಸ್ ಮಾಡಿಸಿದ ಆ ದಪ್ಪ ಪುಸ್ತಕ ‘ಪ್ಲಾಂಟ್ ಅನಾಟಮಿ’, ಅವರದೇ. ಅದರ ಚಿತ್ರ ನೋಡಿಕೊಂಡು ರೆಕಾರ್ಡ್ ಬರೆದೆವು, ಪಾಸಾದೆವು. ಬರೆದವರು ಯಾರು, ಎಲ್ಲಿಯವರು ಅಂತ ಒಂದು ದಿನವೂ ಕೇಳಲಿಲ್ಲ. ನಾನು ಪಾಠ ಮಾಡಲು ಶುರು ಮಾಡಿದ ಮೇಲೆ ಅವರ ಬಗ್ಗೆ ಓದಿದೆ. ಓದಿದಷ್ಟೂ ಅವರ ಮೇಲೆ ಪ್ರೀತಿ ಜಾಸ್ತಿಯಾಯಿತು.

ಹುಟ್ಟಿದ್ದು 1898ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಯೆಕಾತೆರಿನೊಸ್ಲಾವ್ ಎಂಬ ಊರಲ್ಲಿ. ಈಗ ಅದು ಯುಕ್ರೇನಿನ ದ್ನಿಪ್ರೊ. ಜರ್ಮನ್ ಮಾತಾಡುವ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮನೆ, ಅಪ್ಪ ಆ ಊರಿನ ಮೇಯರ್ ಆಗಿದ್ದವರು. ಕೃಷಿ ಓದಲು ಮಾಸ್ಕೋಗೆ ಹೋದರು. ಒಂದು ವರ್ಷ ಆಗುವಷ್ಟರಲ್ಲಿ 1917ರ ಕ್ರಾಂತಿ ಬಂತು, ಓದು ನಿಂತಿತು. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಮನೆಯವರೆಲ್ಲ ಊರು ಬಿಟ್ಟು ಜರ್ಮನಿಗೆ ಓಡಿದರು. ಬರ್ಲಿನ್ನಿನಲ್ಲಿ ಮತ್ತೆ ಕೃಷಿ ಓದು. 1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿ ಕೈಯಲ್ಲಿ ಡಿಗ್ರಿ ಇದ್ದರೂ ಮೊದಲು ಸಿಕ್ಕಿದ್ದು ಒಬ್ಬರ ಮನೆಯಲ್ಲಿ ಮನೆಗೆಲಸ. ಆಮೇಲೆ ಒಂದು ಬೀಜದ ಕಂಪನಿ, ಆಮೇಲೆ ಸ್ಪ್ರೆಕಲ್ಸ್ ಸಕ್ಕರೆ ಕಂಪನಿ.

ಇಲ್ಲಿಂದ ಮುಂದಿನದು ನಿನಗಾಗಿಯೇ ಬರೆಯುತ್ತಿರುವುದು.

ಸಕ್ಕರೆ ಬೀಟ್‌ಗೆ ಆಗ ಅಲ್ಲಿ ‘ಕರ್ಲಿ ಟಾಪ್’ ಅನ್ನುವ ವೈರಸ್ ರೋಗ. ಎಲೆ ಮುದುಡಿ ಮೇಲಕ್ಕೆ ಸುತ್ತಿಕೊಳ್ಳುತ್ತದೆ, ಗಿಡ ಕುಗ್ಗುತ್ತದೆ. ಹರಡುವುದು ಜಿಗಿಹುಳು. ರೋಗ ತಡೆಯುವ ತಳಿ ಬೆಳೆಸುವುದು ಈಸೌ ಅವರ ಕೆಲಸ. ಥೇಟ್ ನಿನ್ನ ಕೆಲಸವೇ, ಟೊಮೆಟೊ ಬದಲು ಬೀಟ್, ಬಿಳಿ ನೊಣದ ಬದಲು ಜಿಗಿಹುಳು. ಡೇವಿಸ್‌ನಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಮುಖ್ಯಸ್ಥರು ಒಮ್ಮೆ ಹೊಲ ನೋಡಲು ಬಂದರು. ಮುಂದೆ ಓದಬೇಕು ಅಂತ ಇವರೇ ಬಾಯಿಬಿಟ್ಟು ಕೇಳಿದರು. 1928ರಲ್ಲಿ, 30ನೇ ವಯಸ್ಸಿಗೆ, ಡೇವಿಸ್ ಸೇರಿದರು. ಅದೇ ತಳಿಯ ಕೆಲಸ ಮುಂದುವರಿಸಿ ಪಿಎಚ್.ಡಿ. ಮಾಡುವುದು ಅಂತ ಲೆಕ್ಕ.

ಅದು ಆಗಲಿಲ್ಲ. ತಳಿ ಪರೀಕ್ಷೆ ಮಾಡಬೇಕು ಅಂದರೆ ರೋಗ ಹೊತ್ತ ಹುಳುವನ್ನು ಹೊಲಕ್ಕೆ ಬಿಡಬೇಕು. ಡೇವಿಸ್ ಸುತ್ತಮುತ್ತ ಬೀಟ್ ಬೆಳೆಯುವ ರೈತರಿದ್ದರು. ಬಯಲಲ್ಲಿ ಹುಳು ಬಿಡುವಂತಿಲ್ಲ. ಹೊಲದ ಪ್ರಯೋಗ ಅಲ್ಲಿಗೇ ನಿಂತಿತು. ಹುಳುವನ್ನು ಹೊರಗೆ ಬಿಡದೆಯೇ ಮಾಡಬಹುದಾದ ಕೆಲಸ ಯಾವುದು? ಗಾಜಿನ ಮನೆಯಲ್ಲಿ ಒಂದಷ್ಟು ಗಿಡಕ್ಕೆ ರೋಗ ತಗಲಿಸಿ, ಕತ್ತರಿಸಿ, ಒಳಗೆ ಏನಾಗಿದೆ ಅಂತ ನೋಡುವುದು. ಅನಾಟಮಿ. 1931ರಲ್ಲಿ ಪ್ರಬಂಧ ಮುಗಿಯಿತು. ಆ ಅನಾಟಮಿಯನ್ನು ಅವರು ಮತ್ತೆ ಬಿಡಲೇ ಇಲ್ಲ, 90 ವರ್ಷ ಆಗುವ ತನಕ.

ಅವರು ಮಾಡಿದ್ದರಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸುವ ವಿಷಯ ಇದು. ರೋಗದ ಗಿಡ ನೋಡುವ ಮೊದಲು, ಚೆನ್ನಾಗಿರುವ ಗಿಡದಲ್ಲಿ ಫ್ಲೋಯಂ, ಅಂದರೆ ಸಕ್ಕರೆ ಸಾಗಿಸುವ ಅಂಗಾಂಶ, ಹೇಗೆ ಹುಟ್ಟುತ್ತದೆ, ಯಾವ ಕೋಶ ಮೊದಲು ಬಲಿಯುತ್ತದೆ ಅಂತ ಹೆಜ್ಜೆ ಹೆಜ್ಜೆಗೂ ಗುರುತು ಮಾಡಿಕೊಂಡರು. ಅದಾದ ಮೇಲೆ ರೋಗದ ಗಿಡ ಇಟ್ಟು ನೋಡಿದರೆ, ಒಳಗಿನ ಹಾಳು ಶುರುವಾಗುವುದು ಫ್ಲೋಯಂನಲ್ಲಿ ಸಕ್ಕರೆ ಹರಿಯುವ ಕೊಳವೆಗಳಾದ ಜರಡಿ ನಾಳಗಳಲ್ಲಿ ಆಗತಾನೇ ಬಲಿತ ಮೊದಲನೆಯವುಗಳ ಪಕ್ಕದಲ್ಲೇ. ವೈರಸ್ ಗಿಡದ ತುಂಬ ಹೇಗೆಂದರೆ ಹಾಗೆ ಓಡಾಡುವುದಿಲ್ಲ, ಸಕ್ಕರೆ ಹೋಗುವ ದಾರಿಯಲ್ಲೇ ಹೋಗುತ್ತದೆ. ಚೆನ್ನಾಗಿರುವುದು ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನೀನೇ ಒಂದು ಸಲ ಮಾಡಿ ನೋಡು. ಬೆಳಗ್ಗೆ ಕುಂಬಳದ ಬಳ್ಳಿ ಕತ್ತರಿಸು. ಕತ್ತರಿಸಿದ ತಕ್ಷಣ ತುದಿಯಲ್ಲಿ ಮಣಿ ಮಣಿಯಾಗಿ ರಸ ಏಳುತ್ತದೆ. ಬೆರಳಿಂದ ಮುಟ್ಟು. ನೀರಿನ ಹಾಗಿದ್ದದ್ದು ನೋಡುನೋಡುತ್ತಾ ಅಂಟಾಗುತ್ತದೆ, ಗಟ್ಟಿಯಾಗುತ್ತದೆ. ಒಳಗೆ ಒತ್ತಡದಲ್ಲಿದ್ದ ನಾಳ ಒಡೆಯಿತು, ಗಿಡ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತಿದೆ. ನಾನು ನಮ್ಮ ಹುಡುಗರಿಗೆ ಇದನ್ನು ತೋರಿಸಿದ ಮೇಲೇ, ಸೆಕ್ಷನ್‌ಗೆ ಹಾಕುವ ಸ್ಯಾಫ್ರನಿನ್ ಬಣ್ಣದ ಬಾಟಲಿ ಮುಚ್ಚಳ ತೆಗೆಯುವುದು. ಉದ್ದಕ್ಕೆ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ, ಒಂದರ ಮೇಲೊಂದು ಜೋಡಿಸಿದ ಕೋಶ, ಮಧ್ಯೆ ತೂತು ತೂತಿನ ಗೋಡೆ, ಆ ತೂತಿನ ಬಾಯಿಗೆ ಮೆತ್ತಿಕೊಂಡ ಲೋಳೆ ಕಾಣುತ್ತದೆ. ಆ ಲೋಳೆ ಜೀವಂತ ಗಿಡದಲ್ಲೂ ಹಾಗೇ ಇತ್ತಾ, ಇಲ್ಲಾ ನಮ್ಮ ಬ್ಲೇಡ್ ತಗಲಿದ್ದರಿಂದ ಅಲ್ಲಿ ಬಂದು ಕೂತಿತಾ? ಇದನ್ನು ಹಿಡಿದು ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಬಿ.ಎಸ್ಸಿ. ಹುಡುಗರ ಕೆಲಸ ಅಂದೆಯಲ್ಲ, ಅದಕ್ಕೆ ಹೇಳಿದೆ.

ಕೆಲಸದ ಮೇಲಿನ ಬಡ್ತಿ ಅವರಿಗೆ ಬಹಳ ನಿಧಾನವಾಗಿ ಬಂತು. ಪೂರ್ತಿ ಪ್ರೊಫೆಸರ್ ಆದದ್ದು 1949ರಲ್ಲಿ, 51ನೇ ವಯಸ್ಸಿಗೆ. ನಮ್ಮ ಜೆರಾಕ್ಸ್ ಪುಸ್ತಕ ಬಂದದ್ದು 1953ರಲ್ಲಿ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆರಿಸಿದರು. ಅಷ್ಟು ಹೊತ್ತಿಗೆ ಯಾರಾದರೂ ಕೈ ತೊಳೆದುಕೊಂಡು ಆರಾಮಾಗಿ ಕೂರುತ್ತಿದ್ದರು. ಇವರು 60 ದಾಟಿದ ಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಲಿಯಲು ಕೂತರು! ಅಲ್ಲಿ ತನಕ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡಿದ ಅದೇ ಫ್ಲೋಯಂ, ಈಗ ಸಾವಿರಾರು ಪಟ್ಟು ಹತ್ತಿರದಿಂದ. 1963ರಲ್ಲಿ ಸಾಂಟಾ ಬಾರ್ಬರಾಗೆ ಹೋದರು. ಎಷ್ಟೋ ವರ್ಷ ಜೊತೆಗೆ ಫ್ಲೋಯಂ ನೋಡಿದ್ದ ವರ್ನನ್ ಚೀಡಲ್ ಅಲ್ಲಿನ ಚಾನ್ಸೆಲರ್ ಆಗಿದ್ದರು. 1965ರಲ್ಲಿ ನಿವೃತ್ತಿ. ಅದು ಕಾಗದದ ಮೇಲೆ ಮಾತ್ರ, ಕೆಲಸ ಇನ್ನೂ 20 ವರ್ಷಕ್ಕೂ ಜಾಸ್ತಿ ನಡೆಯಿತು.

ಆ ಕಾಲದ ಎರಡು ಕೆಲಸ ಹೇಳಲೇಬೇಕು. ಒಂದು, ತಂಬಾಕಿನ ಜರಡಿ ಕೋಶದೊಳಗೆ ಕೊಳವೆಯಂಥ, ನೂಲಿನಂಥ ವಸ್ತು ಕಾಣುತ್ತಿತ್ತು. ಅದು ಗಿಡದ್ದೇ ಪ್ರೋಟೀನ್ ಅಂತ ಅವರೂ ಜೇಮ್ಸ್ ಕ್ರಾನ್‌ಶಾ ಅವರೂ 1967ರಲ್ಲಿ ತೋರಿಸಿದರು, ‘ಪಿ-ಪ್ರೋಟೀನ್’ ಎಂಬ ಹೆಸರು ಬಂದದ್ದು ಆಗ. ಎಳೆಯ ಕೋಶದಿಂದ ಬಲಿತ ಕೋಶದ ತನಕ ಅದು ಹೇಗೆ ಬದಲಾಗುತ್ತದೆ ಅಂತ ನೋಡದವರು ಅದನ್ನೇ ವೈರಸ್ ಅಂದುಬಿಡಬಹುದಿತ್ತು. ಇನ್ನೊಂದು, ಅದೇ ವರ್ಷದ್ದು. ಬೀಟ್ ಎಲೆ ಹಳದಿ ಮಾಡುವ ಇನ್ನೊಂದು ವೈರಸ್ ಇದೆ, ಉದ್ದುದ್ದ ದಾರದಂಥದು. ಅದರ ಕಣಗಳು ಜರಡಿಯ ತೂತಿನಲ್ಲೂ, ಕೋಶದಿಂದ ಕೋಶಕ್ಕೆ ಹೋಗುವ ಸಣ್ಣ ಕಂಡಿಯಲ್ಲೂ ಇರುವುದನ್ನು ಚಿತ್ರದಲ್ಲೇ ಹಿಡಿದರು. ಆ ದಾರಿ ಹಿಡಿದು ಹೊರಟದ್ದು 1928ರಲ್ಲಿ. ದಾರಿಯಲ್ಲಿ ಹೋಗುತ್ತಿರುವ ವೈರಸ್ಸನ್ನೇ ನೋಡುವಷ್ಟರಲ್ಲಿ 69 ವರ್ಷ ಆಗಿತ್ತು. ಆ ದಿನ ಅವರಿಗೆ ಏನನ್ನಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1989ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. 1997ರಲ್ಲಿ, 99ನೇ ವಯಸ್ಸಿಗೆ ತೀರಿಕೊಂಡರು.

ನಿನ್ನ ಟೊಮೆಟೊ ವಿಷಯಕ್ಕೆ ಬರುತ್ತೇನೆ. ಬೀಟ್‌ನ ಕರ್ಲಿ ಟಾಪ್ ವೈರಸ್ಸೂ ನಿನ್ನ ಮುಟುರು ರೋಗದ ವೈರಸ್ಸೂ ಒಂದೇ ಜೆಮಿನಿವೈರಸ್ ಕುಟುಂಬದವು ಅಂತ ನಿನಗೆ ನಾನು ಹೇಳಬೇಕಿಲ್ಲ. ಎರಡೂ ಹೆಚ್ಚಾಗಿ ಫ್ಲೋಯಂ ಬಿಟ್ಟು ಆಚೆ ಬರುವುದಿಲ್ಲ. ನೀನು ಮೂರು ವರ್ಷ ಯಾವ ಗಿಡ ತಡೆಯಿತು, ಯಾವುದು ಬಿತ್ತು ಅಂತ ಎಣಿಸಿದ್ದೀಯ. ಆ ಎಣಿಕೆ ನೊಣದ ಜೊತೆ ಹಾರಿಹೋಗಿಲ್ಲ, ನಿನ್ನ ನೋಟ್‌ಬುಕ್ಕಿನಲ್ಲೇ ಇದೆ. ತಡೆದ ಗಿಡದ ಜರಡಿ ನಾಳ ಹೇಗಿದೆ? ಬಿದ್ದ ಗಿಡದ್ದು ಹೇಗಿದೆ? ಎಷ್ಟನೇ ದಿನಕ್ಕೆ ಬಲಿಯುತ್ತದೆ? ವ್ಯತ್ಯಾಸ ಇಲ್ಲ ಅಂತ ಬಂದರೂ ಅದು ತಿಳಿಯಬೇಕಾದ ವಿಷಯವೇ. ನಿನ್ನ ಗೈಡ್ ನಿನ್ನನ್ನು ಕೆಳಗಿಳಿಸಿದ್ದಾರೆ ಅಂತ ನನಗೆ ಅನ್ನಿಸುತ್ತಿಲ್ಲ.

ನಮ್ಮಪ್ಪ ಈ ಸಲವೂ ಎರಡು ಎಕರೆ ಟೊಮೆಟೊ ಹಾಕಿದ್ದಾರೆ. ನಿನ್ನೆ ಬೆಳಗ್ಗೆ ಜೊತೆಗೆ ಹೋಗಿದ್ದೆ. ಸಾಲು ಸಾಲಲ್ಲಿ ಬಗ್ಗಿ ಎಲೆಯ ಹಿಂಬದಿ ತಿರುಗಿಸಿ ನೋಡುತ್ತಾರೆ, ತುದಿ ಮುದುಡಿದ್ದು ಕಂಡರೆ ಒಂದು ಮಾತೂ ಆಡದೆ ಬುಡಸಮೇತ ಕಿತ್ತು ಚೀಲಕ್ಕೆ ಹಾಕುತ್ತಾರೆ. ನಿನ್ನೆ ಹನ್ನೊಂದು ಗಿಡ ಕಿತ್ತರು. ಮನೆಗೆ ಬಂದು ಕೈ ತೊಳೆಯುತ್ತಾ, ‘ನಿನ್ನ ಫ್ರೆಂಡು ಇದಕ್ಕೇ ಅಲ್ವೇನೋ ಓದ್ತಿರೋದು, ಎಲ್ಲಿಗೆ ಬಂತಂತೆ?’ ಅಂತ ಕೇಳಿದರು. ‘ಭಾನುವಾರ ಕರ್ಕೊಂಡು ಬರ್ತೀನಿ, ನೀವೇ ಕೇಳಿ’ ಅಂದಿದ್ದೇನೆ.

ಅದಕ್ಕೆ ಬಾ. ಮೊದಲ ಬಸ್ಸಿಗೇ ಬಂದರೆ ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗಬಹುದು. ಬ್ಲೇಡ್, ಬ್ರಷ್, ಸ್ಲೈಡ್ ನಾನು ಕಾಲೇಜಿನಿಂದ ತಂದಿಡುತ್ತೇನೆ. ಮುಟುರು ಬಂದ ಗಿಡ ಈಗಲೇ ಬೇಡ. ಮೊದಲು ಚೆನ್ನಾಗಿರುವುದನ್ನೇ ಕತ್ತರಿಸೋಣ.

ಇಂತಿ ನಿನ್ನ
ಗೆಳೆಯ